ಎರಡು ಟಕ್ ಅಂದರೆ ಬಲಕ್ಕೆ

ಮಾತಾಡದವರಿಗೆ ಸಿಟ್ಟು ಬರುವುದಿಲ್ಲ ಎಂದು ಜನ ಅದು ಹೇಗೆ ತಿಳಿದುಕೊಳ್ಳುತ್ತಾರೋ. ಮುಚ್ಚಳ ಹಾಕಿದ ಪಾತ್ರೆ ಬೇಗ ಕುದಿಯುತ್ತದೆ ಎನ್ನುವುದು ಒಲೆಯ ಮುಂದೆ ನಿಂತವರಿಗೆಲ್ಲ ಗೊತ್ತು. ಆದರೂ ಆ ಮನೆಯಲ್ಲಿ, ಆ ಬೀದಿಯಲ್ಲಿ, ಅವಳು ದುಡಿಯುವ ಜಾಗದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಪಾಪ, ಸಾಧು ಹೆಂಗಸು. ಆ "ಪಾಪ" ಕಿವಿಗೆ ಬಿದ್ದಾಗಲೆಲ್ಲ ಅವಳು ಹಲ್ಲು ಕಡಿಯುತ್ತಿದ್ದಳು.

ಹಲ್ಲಿನ ವಿಷಯ ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಕಡಿಮೆ. ಕಟ್ಟುಹಲ್ಲು ಮಾಡುವುದೇ ಅವಳ ಕಸುಬು. ದವಾಖಾನೆಗಳಿಂದ ಬಂದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಒಣಗಿಸಿ, ಅದರ ಮೇಲೆ ಗುಲಾಬಿ ಮೇಣದ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸುತ್ತಿದ್ದಳು. ಇಪ್ಪತ್ತು ವರ್ಷ. ಊರಿನ ಅರ್ಧ ಮುದುಕರು ಮಾತಾಡುವುದು ಅವಳು ಕೂರಿಸಿದ ಹಲ್ಲಿನಿಂದಲೇ. ಆದರೆ ವೈದ್ಯರು ಯಾರಾದರೂ ಬಂದು ಸೆಟ್ಟು ಚೆನ್ನಾಗಿ ಕೂತಿತು ಎಂದರೆ ಯಜಮಾನ ತೋರಿಸುತ್ತಿದ್ದುದು ಮುಂದಿನ ಕೌಂಟರಿನಲ್ಲಿ ನಗುನಗುತ್ತ ಕೂತ ಹುಡುಗಿಯನ್ನು. ಒಳಗೆ ಮೇಣ ಕಾಯಿಸುವ ದೀಪದ ಮುಂದೆ ಬಗ್ಗಿ ಕೂತವಳ ಕಡೆ ಯಾರ ಬೆರಳೂ ತಿರುಗುತ್ತಿರಲಿಲ್ಲ. "ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರಮ್ಮ, ನೀವು ಸ್ವಲ್ಪ ಬಾಯಿ ಬಿಡಬೇಕು" ಎಂದು ಯಜಮಾನ ವರ್ಷಕ್ಕೆರಡು ಸಲ ಬುದ್ಧಿ ಹೇಳುತ್ತಿದ್ದ. ಅವಳು ಬಾಯಿ ಬಿಡುತ್ತಿದ್ದುದು ಮೇಣದ ಪುಡಿ ಊದುವುದಕ್ಕೆ ಮಾತ್ರ.

ಮನೆಯಲ್ಲಿ ಅವಳ ಅಮ್ಮ, ತಮ್ಮ, ತಮ್ಮನ ಹೆಂಡತಿ. ಎಲ್ಲರಿಗೂ ಅವಳು ಅಕ್ಕ. ಅಮ್ಮನೂ ಹಾಗೇ ಕರೆಯುವುದು ರೂಢಿಯಾಗಿ, ಅವಳಿಗೆ ನಲವತ್ತೆರಡು ತುಂಬುವ ಹೊತ್ತಿಗೆ ಹುಟ್ಟಿದಾಗ ಇಟ್ಟ ಹೆಸರು ಯಾರ ನಾಲಿಗೆಯ ಮೇಲೂ ಉಳಿದಿರಲಿಲ್ಲ. ತಮ್ಮ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು, ನಿಲ್ಲುವ ಜಾಗ ಕೂಗುವವನು. ಬೀದಿಯವರು ಅವನಿಗೆ ಮೈಕು ಎಂದೇ ಹೆಸರಿಟ್ಟಿದ್ದರು. ಜೇನಿನಲ್ಲಿ ಅದ್ದಿದಂಥ ದನಿ. ಆ ದನಿ ಇಡೀ ಊರಿಗೆ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ ಎನ್ನುವುದು ಅವನ ದೊಡ್ಡ ಕೊರಗು.

ಆರು ವರ್ಷದ ಹಿಂದೆ ಕಂಪ್ಯೂಟರ್ ತಂದವನೂ ಅವನೇ. ಎರಡು ತಿಂಗಳಿಗೆ ಬೇಸರ ಬಂದು ಬಿಟ್ಟ. ಅದನ್ನು ಇಡಲು ಬೇರೆ ಜಾಗವಿಲ್ಲದೆ ಅಮ್ಮನ ಹಳೆಯ ಹೊಲಿಗೆ ಮೆಷಿನಿನ ಮೇಜಿನ ಮೇಲೆ ಇಟ್ಟಿದ್ದರು. ಮೆಷಿನು ಯಾವತ್ತೋ ಗುಜರಿಗೆ ಹೋಗಿತ್ತು; ಮರದ ಹಲಗೆ, ಕಬ್ಬಿಣದ ಕಾಲು, ಕೆಳಗಿನ ಪೆಡಲು ಮಾತ್ರ ಉಳಿದಿದ್ದವು. ಅಕ್ಕ ಒಂದು ಸಂಜೆ ಧೂಳು ಒರೆಸಲು ಕೂತವಳು ಹಾಗೇ ಕೂತುಬಿಟ್ಟಳು.

ಅವಳು ಕಲಿತ ಆಟ ಐದೈದು ಜನರದು. ಎರಡು ಕೋಟೆ, ಎರಡು ದೀಪ. ಯಾರ ದೀಪ ಮೊದಲು ಆರುತ್ತದೋ ಅವರು ಆ ಸುತ್ತು ಸೋತರು. ಒಂದು ಪಂದ್ಯಕ್ಕೆ ಹನ್ನೆರಡು ಸುತ್ತು, ಆರಾದ ಮೇಲೆ ಹತ್ತು ನಿಮಿಷ ಬಿಡುವು. ಕೋಟೆಗೆ ಎಡಕ್ಕೊಂದು ಬಾಗಿಲು, ಬಲಕ್ಕೊಂದು, ಹಿಂದೆ ಒಂದು. ಎಲ್ಲರಿಗೂ ನುಗ್ಗುವ ಹುಚ್ಚು. ಅವಳಿಗೆ ಕಾಯುವ ಹುಚ್ಚು. ದೀಪದ ಮನೆಯ ಮಾಳಿಗೆ ಹತ್ತಿ ಕೂತು ಕಿವಿಯಿಟ್ಟು ಕೇಳುತ್ತಿದ್ದಳು. ಕಲ್ಲಿನ ಮೇಲೆ ಹೆಜ್ಜೆ ಬಿದ್ದರೆ ಎಡಬಾಗಿಲು, ಹಲಗೆಯ ಮೇಲೆ ಬಿದ್ದರೆ ಬಲ, ಜಲ್ಲಿ ಸರಸರ ಎಂದರೆ ಹಿಂದೆ. ಬರುವವರು ಇಬ್ಬರೋ ಮೂವರೋ ಎನ್ನುವುದೂ ಅವಳಿಗೆ ತಿಳಿಯುತ್ತಿತ್ತು. ಆಟದಲ್ಲಿ ಅವಳು ಇಟ್ಟುಕೊಂಡ ಹೆಸರು ಅಗುಳಿ. ಬಾಗಿಲಿಗೆ ಅಗುಳಿ ಇದೆಯೆಂದು ನೆನಪಾಗುವುದೇ ಅದು ಇಲ್ಲದ ದಿನ.

ತಂಡದಲ್ಲಿ ಉಳಿದವರು ನಾಲ್ವರು. ಮುಂದಾಳು ಒಬ್ಬ ಲೆಕ್ಕದ ಮೇಷ್ಟ್ರು. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ನರ್ಸಮ್ಮ. ಗ್ಯಾರೇಜಿನ ಅಣ್ಣತಮ್ಮಂದಿರಿಬ್ಬರು. ಆ ಅಣ್ಣತಮ್ಮಂದಿರ ಹೊರತು ಯಾರೂ ಯಾರ ಮುಖವನ್ನೂ ಕಂಡವರಲ್ಲ. ಊರು ಬೇರೆ, ಮನೆ ಬೇರೆ. ಸಂಜೆ ಆರೂವರೆಗೆ ಸೇರಿ ಎಂಟಕ್ಕೆ ಏಳುವ ಜನ. ನಾಲ್ವರೂ ಮಾತಾಡುತ್ತಿದ್ದರು, ಅಗುಳಿ ಕೇಳುತ್ತಿದ್ದಳು. ಶತ್ರು ಕಂಡರೆ ತೆರೆಯ ಮೇಲೆ ಕೆಂಪು ಚುಕ್ಕೆ ಇಡುತ್ತಿದ್ದಳು, ಅಷ್ಟೇ. ಚುಕ್ಕೆ ಸುಳ್ಳು ಹೇಳಿದ್ದಿಲ್ಲ. ಐದೂವರೆ ವರ್ಷ ಹೀಗೆ ಸರಾಗ ನಡೆಯಿತು. ಅವಳ ದಿನದಲ್ಲಿ ಯಾರೂ "ಯಾಕೆ ಸುಮ್ಮನಿದ್ದೀಯ" ಎಂದು ಕೇಳದ ಒಂದೂವರೆ ಗಂಟೆ ಅದೊಂದೇ.

ಆಮೇಲೆ ಮೇಷ್ಟ್ರಿಗೆ ಮೇಲಿನ ದರ್ಜೆಗೆ ಹೋಗುವ ಆಸೆ ಹುಟ್ಟಿತು. ಭಾನುವಾರದ ಪಂದ್ಯಗಳಿಗೆ ತಂಡದ ಹೆಸರು ಕೊಟ್ಟ. ದೊಡ್ಡ ತಂಡಗಳು ಹೇಗೆ ಆಡುತ್ತವೆ ಎಂದು ನೋಡಿ ಬಂದು ನಿಯಮ ಹೊರಡಿಸಿದ: ಎಲ್ಲರೂ ಬಾಯಿಬಿಟ್ಟು ಹೇಳಬೇಕು, ಓಡುವಾಗ ಚುಕ್ಕೆ ನೋಡಲು ಯಾರಿಗೂ ಪುರುಸೊತ್ತಿಲ್ಲ, ಮುಂದಿನ ಸೋಮವಾರದಿಂದ ಮಾತಾಡದವರ ಜಾಗಕ್ಕೆ ಬೇರೆಯವರು.

"ಅಗುಳಿ, ಇದು ನಿಮಗೇ ಹೇಳಿದ್ದು" ಎಂದ ಮೇಷ್ಟ್ರು. "ಬೇಜಾರು ಮಾಡ್ಕೋಬೇಡಿ."

ಕೆನ್ನೆಗೆ ಹೊಡೆದು ಬೇಜಾರು ಮಾಡಿಕೊಳ್ಳಬೇಡಿ ಎಂದ ಹಾಗೆ. ಐದೂವರೆ ವರ್ಷದಲ್ಲಿ ಅವಳ ಚುಕ್ಕೆ ನೋಡಿ ಗೆದ್ದ ಸುತ್ತುಗಳಿಗೆ ಲೆಕ್ಕವಿರಲಿಲ್ಲ. ಲೆಕ್ಕದ ಮೇಷ್ಟ್ರಿಗೇ ಅದು ಮರೆತುಹೋಗಿತ್ತು. ಅವಳು ಮೂಕಿಯಲ್ಲ, ತೊದಲುವವಳಲ್ಲ. ಹೆಜ್ಜೆ ಕೇಳಬೇಕಾದವಳು ಬಾಯಿ ಮುಚ್ಚಿರಬೇಕು. ತನ್ನ ದನಿ ಎದ್ದರೆ ಹೊರಗಿನ ಸದ್ದು ಮುಚ್ಚಿಹೋಗುತ್ತದೆ. ಇದನ್ನು ತಿಳಿಸಲಿಕ್ಕೂ ಮಾತೇ ಬೇಕಲ್ಲ, ಬರೆದರೆ ಓದುವವರು ಯಾರು ಎಂದು ನೆನೆದು ಅವಳ ಮೈಯೆಲ್ಲ ಉರಿಯಿತು. ಅಂದು ರಾತ್ರಿಯ ಊಟದಲ್ಲಿ ಲೋಟ ಕುಕ್ಕಿದಳು. ತಮ್ಮ ಕೆದಕಿ ಕೇಳಿದ, ಅವಳು ನಾಲ್ಕು ಮಾತಿನಲ್ಲಿ ಹೇಳಿದಳು.

"ಇಷ್ಟೇನಾ ಅಕ್ಕ? ಕೈ ನಿಂದು, ಬಾಯಿ ನಂದು" ಎಂದ ಅವನು. "ನೀನು ತೋರಿಸು, ನಾನು ಕೂಗ್ತೀನಿ. ಅದೇ ತಾನೇ ನನ್ನ ಕೆಲಸ."

ಅವಳು ಬಹಳ ಯೋಚಿಸಿದಳು. ಜಾಗ ಬಿಡುವ ಮನಸ್ಸಿರಲಿಲ್ಲ. ಕೊನೆಗೆ ಒಂದೇ ಕರಾರು ಹಾಕಿದಳು: "ನಾನು ಹೇಳಿದಷ್ಟೇ. ಒಂದಕ್ಷರ ಜಾಸ್ತಿ ಇಲ್ಲ."

ಅವನು ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ತನ್ನ ತಲೆಯ ಮೇಲಲ್ಲ, ಅಮ್ಮನ ತಲೆಯ ಮೇಲೆ. ಆಗಲೇ ಅನುಮಾನ ಬರಬೇಕಿತ್ತು.

ಅವಳ ಎರಡು ಕೈಯೂ ಆಟದಲ್ಲಿ. ಉಳಿದದ್ದು ಕಾಲು. ಮೇಜಿನ ಕೆಳಗೆ ಪೆಡಲು ಇತ್ತಲ್ಲ, ಅದನ್ನು ಮುಂಗಾಲಿನಿಂದ ಒತ್ತಿದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಟಕ್ ಎನ್ನುತ್ತಿತ್ತು. ಒಂದು ಟಕ್ ಅಂದರೆ ಎಡಬಾಗಿಲು. ಎರಡು ಅಂದರೆ ಬಲ. ಮೂರು ಅಂದರೆ ಹಿಂದೆ. ಒತ್ತಿ ಹಿಡಿದರೆ ಕಿರ್ ಎನ್ನುವುದು. ಅದು ತಡೆಯಿರಿ ಎಂದು. ತಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಎಣಿಸಿ ಕೂಗಬೇಕು. ತಂಡದ ಮಾತು ಇಬ್ಬರಿಗೂ ಕೇಳಲೆಂದು ಕಿವಿಯ ತಂತಿಗೆ ಕವಲು ಹಾಕಿ ಅವಳಿಗೊಂದು, ಅವನಿಗೊಂದು ಮಾಡಿಕೊಂಡರು. ಬಾಯಿಗೆ ಕಟ್ಟಿಕೊಳ್ಳುವ ಸಣ್ಣ ಮೈಕು ಅವನಿಗೆ ಒಗ್ಗಲಿಲ್ಲ. ನಿಲ್ದಾಣದಲ್ಲಿ ತೆಗೆದು ಮೂಲೆಗೆ ಎಸೆದಿದ್ದ, ಕಾಲಿರುವ ಹಳೆಯ ಮೈಕೊಂದನ್ನು ತಂದು ರಿಪೇರಿ ಮಾಡಿಸಿ ಮೇಜಿನ ಹಲಗೆಗೇ ಸ್ಕ್ರೂ ಹಾಕಿ ನಿಲ್ಲಿಸಿದ.

ಮೊದಲ ಸಂಜೆಯೇ ಗೆದ್ದರು. ಎರಡನೆಯ ವಾರಕ್ಕೆ ಅವನು ಕರಾರು ಮುರಿದ. ಒಂದು ಟಕ್ ಕೇಳಿ, "ಪ್ರಯಾಣಿಕರ ಗಮನಕ್ಕೆ, ಎಡಬಾಗಿಲಿಗೆ ಇಬ್ಬರು ಆಗಮಿಸುತ್ತಿದ್ದಾರೆ, ಇಬ್ಬರ ಹತ್ತಿರವೂ ಟಿಕೆಟ್ ಇಲ್ಲ" ಎಂದುಬಿಟ್ಟ. ಗ್ಯಾರೇಜಿನ ಅಣ್ಣತಮ್ಮಂದಿರು ಬಿದ್ದು ಬಿದ್ದು ನಕ್ಕರು. ಮೇಷ್ಟ್ರು, "ಇಷ್ಟು ವರ್ಷ ಈ ದನಿ ಎಲ್ಲಿ ಬಚ್ಚಿಟ್ಟಿದ್ರಿ ಅಗುಳಿ" ಎಂದ. ಅಕ್ಕನ ಕಾಲು ಪೆಡಲಿನ ಮೇಲೇ ನಿಂತುಹೋಯಿತು.

ಅಲ್ಲಿಂದ ಅವನನ್ನು ಹಿಡಿಯುವವರಿಲ್ಲ. ಬೆಳಗ್ಗೆ ಕೆಲಸಕ್ಕೆ ಹೋಗುವಾಗಲೇ ಸಂಜೆಯ ಜೋಕು ಕಟ್ಟುತ್ತಿದ್ದ. ತಂಡದವರು ಅವನನ್ನು ಅಗುಳಿಯಣ್ಣ ಎನ್ನತೊಡಗಿದರು. ಬೀದಿಗೂ ಸುದ್ದಿ ಹೋಯಿತು. ಭಾನುವಾರ ಪಕ್ಕದ ಮನೆಯವರು ಬಂದು ಕೂರುತ್ತಿದ್ದರು, ತಮ್ಮನ ಹೆಂಡತಿ ಕುರ್ಚಿ ಹಾಕುತ್ತಿದ್ದಳು. ಕುರ್ಚಿಗಳ ಮುಖ ತೆರೆಯ ಕಡೆಗಿರಲಿಲ್ಲ, ಅವನ ಕಡೆಗಿತ್ತು. ಬಂದವರೊಬ್ಬರು ಅಕ್ಕನನ್ನು ನೋಡಿ, "ನೀವೂ ಜೊತೆಗೆ ಕೂತ್ಕೊಂಡು ಬಟನ್ ಒತ್ತಿ ಕೊಡ್ತೀರಾ? ಒಳ್ಳೇದಾಯ್ತು, ಹೊತ್ತು ಹೋಗುತ್ತೆ" ಎಂದರು. ಹೊತ್ತು ಹೋಗುತ್ತದಂತೆ. ಅವಳು ಅವರ ಬಾಯನ್ನೇ ನೋಡಿದಳು. ಮೇಲಿನ ಸಾಲು ತಾನೇ ಕೂರಿಸಿದ್ದು, ಮೂರು ವರ್ಷದ ಹಿಂದೆ.

ಅಮ್ಮನಿಗೆ ಹೇಳಿದರೆ ಅಮ್ಮ, "ಅವನಿಗೂ ನಾಲ್ಕು ಜನರ ಮುಂದೆ ಹೆಸರು ಬಂತಲ್ಲ, ನಿನ್ನ ಗಂಟೇನು ಹೋಯ್ತು" ಎಂದಳು. ಅವಳ ಗಂಟು ಹೋದದ್ದು ಅದೇ ಎನ್ನುವುದು ಅಮ್ಮನಿಗೆ ಹೊಳೆಯಲೇ ಇಲ್ಲ.

ಹೀಗೆಯೇ ಗೆಲ್ಲುತ್ತ ಗೆಲ್ಲುತ್ತ ಕೊನೆಯ ಎರಡು ಭಾನುವಾರಕ್ಕೆ ಬಂದರು. ಎರಡರಲ್ಲಿ ಒಂದು ಗೆದ್ದರೂ ಮೇಲಿನ ದರ್ಜೆ ಸಿಗುತ್ತಿತ್ತು. ಮೊದಲ ಭಾನುವಾರ ಮಧ್ಯಾಹ್ನ ಮೂರಕ್ಕೆ ಆಟ. ಹನ್ನೊಂದು ಸುತ್ತು ಮುಗಿದು ಆರು ಐದರಲ್ಲಿ ಮುಂದಿದ್ದರು. ಹನ್ನೆರಡನೆಯದು ಗೆದ್ದರೆ ಪಂದ್ಯವೇ ಕೈಗೆ. ಹಲಗೆಯ ಮೇಲೆ ಹೆಜ್ಜೆ. ನಾಲ್ವರದು, ಓಡುತ್ತ. ಅವಳು ಎರಡು ಸಲ ಒತ್ತಿದಳು. ಟಕ್ ಟಕ್.

ತಮ್ಮ ಎಡ ಎಂದ.

ಅವನಿಗೆ ಕೇಳಿಸಲಿಲ್ಲವೆಂದಲ್ಲ. ಎಡಬಾಗಿಲಿಗೆಂದು ಬೆಳಗ್ಗೆಯಿಂದ ಒಂದು ಜೋಕು ಕಟ್ಟಿಟ್ಟಿದ್ದ, ಮನೆ ತುಂಬ ಜನ ಕೂತಿದ್ದರು, ಇನ್ನು ಸುತ್ತೇ ಉಳಿದಿರಲಿಲ್ಲ. ಜೋಕು ಹಳಸಬಾರದೆಂದು ಎಡ ಎಂದ. ಅವಳು ಮತ್ತೆ ಒತ್ತಿದಳು, ಟಕ್ ಟಕ್, ಪೆಡಲು ಮುರಿಯುವ ಹಾಗೆ. ಅವನು ಜೋಕು ಮುಗಿಸುತ್ತಿದ್ದ. ಮೇಷ್ಟ್ರು, ಗ್ಯಾರೇಜಿನ ಇಬ್ಬರು ಎಡಕ್ಕೆ ಓಡಿದರು. ನರ್ಸಮ್ಮ ಒಬ್ಬಳು ಮಾತ್ರ ಬಲಬಾಗಿಲಲ್ಲಿ ನಿಂತಳು. ನಾಲ್ವರ ಮುಂದೆ ಒಬ್ಬಳು ಎಷ್ಟು ಹೊತ್ತು? ದೀಪ ಆರಿತು. ಆರು ಆರು ಎಂದಾಗಿ, ಎದುರಿನವರ ಹಳೆಯ ಗೆಲುವು ಹೆಚ್ಚಿದ್ದುದರಿಂದ ಪಂದ್ಯ ಅವರದಾಯಿತು.

ಮೇಷ್ಟ್ರು ಮೊದಲು ನರ್ಸಮ್ಮನ ಮೇಲೆ ಹರಿಹಾಯ್ದ. ಎಡ ಎಂದರೆ ಬಲಕ್ಕೆ ಯಾಕೆ ಹೋದಿರಿ, ಹೇಳಿದ್ದು ಕೇಳುವುದಿಲ್ಲವೇ ಎಂದ. ನರ್ಸಮ್ಮ ಏನೂ ಹೇಳಲಿಲ್ಲ. ಆಮೇಲೆ ಅವನ ಲೆಕ್ಕದ ಬುದ್ಧಿ ಎಚ್ಚರವಾಯಿತು: "ಆದರೆ ಅವರು ಬಂದಿದ್ದು ಬಲದಿಂದಲೇ ಅಲ್ವಾ. ಅಗುಳಿಯಣ್ಣ, ಎಡ ಅಂತ ಯಾಕೆ ಅಂದ್ರಿ?"

ಕೋಣೆಯಲ್ಲಿ ಕೂತವರೆಲ್ಲ ತಮ್ಮನ ಮುಖ ನೋಡಿದರು. ಅವನು ಗಂಟಲು ಸರಿಮಾಡಿಕೊಂಡ. ಅಕ್ಕ ಒಂದು ಮೊಳ ದೂರದಲ್ಲಿ, ಕಿವಿಗೆ ಅದೇ ತಂತಿ ಹಾಕಿಕೊಂಡು ಕೂತಿದ್ದಳು.

"ಏನು ಹೇಳ್ಲಿ ಸಾರ್" ಎಂದ ಜೇನಿನ ದನಿಯಲ್ಲಿ. "ಇವತ್ತು ನಮ್ಮಕ್ಕ ಸ್ವಲ್ಪ ಹೊತ್ತು ಆಡ್ತೀನಿ ಅಂತ ಕೂತಿದ್ರು. ಅವರಿಗೆ ಎಡ ಬಲ ಗೊತ್ತಾಗಲ್ಲ. ನನಗೆ ಹಾಗೆ ತೋರಿಸಿದ್ರು."

"ಮುಂದಿನ ವಾರ ಅವರನ್ನ ಹತ್ತಿರ ಕೂರಿಸಬೇಡಿ" ಎಂದ ಮೇಷ್ಟ್ರು. "ಮನೆಯವರ ಆಟ ಬೇರೆ, ಇದು ಬೇರೆ."

ಅಕ್ಕ ಕಿವಿಯ ತಂತಿ ತೆಗೆದು ಮೇಜಿನ ಮೇಲೆ ಇಟ್ಟಳು. ಎದ್ದಳು. ಬಂದವರೆಲ್ಲ ನೋಡುತ್ತಿದ್ದಂತೆ ತಮ್ಮನ ಮುಂದೆ ನಿಂತು, ದನಿ ಏರಿಸದೆ ಹೇಳಿದಳು:

"ಮುಂದಿನ ಭಾನುವಾರ ನೀನೇ ಕೂತ್ಕೋ. ಬಾಯೂ ನಿಂದೇ, ಕೈಯೂ ನಿಂದೇ."

ಆ ವಾರ ಮನೆಯಲ್ಲಿ ಪಾತ್ರೆಗಳು ಮಾತಾಡಿದವು. ತಮ್ಮ ಮೊದಲ ಎರಡು ದಿನ ಉಡಾಫೆ ಮಾಡಿದ, ಅದೇನು ಬ್ರಹ್ಮವಿದ್ಯೆಯೇ, ಪಕ್ಕದಲ್ಲಿ ಕೂತು ಆರು ತಿಂಗಳು ನೋಡಿಲ್ಲವೇ ಎಂದ. ಬುಧವಾರ ಒಬ್ಬನೇ ಕೂತು ಆಡಿ ನೋಡಿದ, ಮಾಳಿಗೆ ಹತ್ತುವುದೇ ಅವನಿಗೆ ಬರಲಿಲ್ಲ. ಶುಕ್ರವಾರ ಹೆಂಡತಿಯ ಕೈಲಿ ಹೇಳಿಸಿದ. ಅವಳು ಬಂದು, "ಬಿಡಿ ಅಕ್ಕ, ಬಾಯಿ ತಪ್ಪಿ ಅಂದ್ರು" ಎಂದಳು. ಅಕ್ಕ ಬಟ್ಟೆ ಮಡಿಸುತ್ತಲೇ ಇದ್ದಳು. ಬಾಯಿ ತಪ್ಪಿದ್ದಲ್ಲ. ತಪ್ಪಿದ ಬಾಯಿಗೆ ತೇಪೆ ಹಾಕಲು ಅವಳನ್ನು ಹರಿದು ಹಾಕಿದ್ದು.

ಕೆಲಸದ ಜಾಗದಲ್ಲಿ ಶನಿವಾರ ಒಬ್ಬ ಮುದುಕ ಹಲ್ಲು ಸರಿಮಾಡಿಸಿಕೊಳ್ಳಲು ಬಂದ. ಕಚ್ಚುವಾಗ ಎಡಗಡೆ ಎತ್ತರವಾಗುತ್ತದೆ ಎಂದು ದವಾಖಾನೆಯವರು ನೇರ ಅಲ್ಲಿಗೇ ಕಳಿಸಿದ್ದರು. ಇದುವರೆಗೆ ಅವಳ ಸೆಟ್ಟು ಹೀಗೆ ತಿರುಗಿ ಬಂದದ್ದಿಲ್ಲ. ಆ ವಾರ ಮಾಡಿದ್ದು. ತನ್ನ ಮೇಲೂ ಸಿಟ್ಟು ಬಂದು, ಬಗ್ಗಿ ಉಜ್ಜಿ ಉಜ್ಜಿ ಸಮ ಮಾಡಿದಳು. ಮುದುಕ ಹಾಕಿಕೊಂಡು ಎರಡು ಸಲ ಬಾಯಿ ತೆರೆದು ಮುಚ್ಚಿ, "ಈಗ ಸರಿಯಾಯ್ತಮ್ಮ. ಹಲ್ಲಿಲ್ಲದೆ ಆರು ತಿಂಗಳಿಂದ ಮಗನಿಗೆ ಬೈಯೋಕಾಗಿರಲಿಲ್ಲ, ಬರೀ ಗಾಳಿ ಹೋಗ್ತಿತ್ತು" ಎಂದ. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ. ನಗು ಮುಗಿಯುವ ಮೊದಲೇ ಯಜಮಾನ ಒಳಗೆ ಇಣುಕಿ, ಸೆಟ್ಟು ವಾಪಸ್ಸು ಬಂತಂತಲ್ಲ, ಕೌಂಟರಿನ ಹುಡುಗಿಗೆ ಎಷ್ಟು ಮುಜುಗರವಾಯಿತು ಗೊತ್ತೇ ಎಂದ. ಒಳ್ಳೆಯದಾದರೆ ಆ ಹುಡುಗಿಯದು, ಕೆಟ್ಟರೆ ಒಳಗಿನವಳದು. ಮನೆಯಲ್ಲೂ ಇದೇ, ಇಲ್ಲೂ ಇದೇ. ಅವಳು ಉಜ್ಜುವ ಕಲ್ಲನ್ನು ಮೇಜಿನ ಮೇಲೆ ಇಟ್ಟ ಸದ್ದಿಗೆ ಯಜಮಾನ ಬಾಗಿಲು ಹಾಕಿಕೊಂಡು ಹೋದ.

ಭಾನುವಾರ ಮೂರಕ್ಕೆ ತಮ್ಮ ಕೂತ. ಜನ ಬರುವುದನ್ನು ತಡೆಯಲಾಗಲಿಲ್ಲ, ಅವನೇ ಕರೆದಿದ್ದ. ಎಲ್ಲರಿಗೂ ಕೇಳಲೆಂದು ಕಿವಿಯ ತಂತಿ ಕಿತ್ತು ಸ್ಪೀಕರಿಗೆ ಹಾಕಿದ್ದ. ಅಕ್ಕ ಪಕ್ಕದ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದಳು. ಬಾಗಿಲು ತೆರೆದಿತ್ತು. ಅವಳಿಗೆ ತೆರೆ ಕಾಣುತ್ತಿರಲಿಲ್ಲ, ಹೆಜ್ಜೆ ಕೇಳುತ್ತಿತ್ತು. ಮೊದಲ ಸುತ್ತಿನಲ್ಲಿ ಕಲ್ಲಿನ ಮೇಲೆ ಮೂವರು ಬಂದರು. ಎಡ. ಅವಳ ಕಾಲು ತಾನಾಗಿ ನೆಲ ಒತ್ತಿತು. ತಮ್ಮ ಅತ್ತ ಹಿಂದೆ ಎಂದು ಕೂಗಿದ. ದೀಪ ಆರಿತು. ಎರಡನೆಯ ಸುತ್ತೂ ಅಷ್ಟೇ. ಮೂರನೆಯದರಲ್ಲಿ ಅವನು ಮಾಳಿಗೆಯಿಂದ ತಾನೇ ಕೆಳಗೆ ಬಿದ್ದ. ಬಂದವರಲ್ಲಿ ಯಾರೋ ಕಿಸಕ್ಕೆಂದರು. ನಾಲ್ಕು, ಐದು, ಆರು. ಆರಕ್ಕೆ ಆರೂ ಸೋತು ಬಿಡುವು ಬಂತು.

ಅಕ್ಕನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ತಾನು ಆರು ವರ್ಷ ಕಾದ ದೀಪವನ್ನು ಈ ಮನುಷ್ಯ ಅರ್ಧ ಗಂಟೆಯಲ್ಲಿ ಆರು ಸಲ ಆರಿಸಿದ್ದನ್ನು ಕೇಳಿಸಿಕೊಂಡು ಅವಳು ಮಂಚದಿಂದ ಎದ್ದು ನಿಂತಳು.

ಸ್ಪೀಕರಿನಲ್ಲಿ ನರ್ಸಮ್ಮನ ದನಿ ಬಂತು; ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಹೆಂಗಸು, ತಾನಾಗಿ ಮಾತೆತ್ತಿದ್ದೇ ಅಪರೂಪ.

"ಇವತ್ತು ಆ ಟಕ್ ಟಕ್ ಇಲ್ಲ" ಎಂದಳು. "ಅದನ್ನ ಒತ್ತೋರು ಎಲ್ಲಿ?"

ಯಾವ ಟಕ್ ಟಕ್ ಎಂದ ಮೇಷ್ಟ್ರು.

"ಅಗುಳಿಯಣ್ಣ ಮಾತಾಡೋಕ್ಕೆ ಮುಂಚೆ ಒಂದು ಸದ್ದು ಬರುತ್ತೆ ಸಾರ್. ಒಂದು ಸಲ ಬಂದರೆ ಎಡ, ಎರಡು ಬಂದರೆ ಬಲ, ಮೂರು ಬಂದರೆ ಹಿಂದೆ. ಮೂರನೇ ಪಂದ್ಯದಿಂದ ನಾನು ಅದನ್ನೇ ಕೇಳ್ಕೊಂಡು ಆಡ್ತಿರೋದು. ಮಾತು ಬರೋ ಅಷ್ಟರಲ್ಲಿ ನಾನು ಬಾಗಿಲಲ್ಲಿರ್ತೀನಿ. ಹೋದ ವಾರ ಎರಡು ಬಂತು. ಮತ್ತೆ ಎರಡು ಬಂತು, ಜೋರಾಗಿ. ಇವರು ಎಡ ಅಂದ್ರು. ನಾನು ಬಲಕ್ಕೆ ಹೋದೆ."

ಮೈಕು ಮೇಜಿನ ಹಲಗೆಗೆ ಕಚ್ಚಿಕೊಂಡಿತ್ತು, ಪೆಡಲು ಅದೇ ಮೇಜಿನ ಕಾಲಿಗೆ. ಒತ್ತಿದ ಒಂದೊಂದು ಟಕ್ಕೂ ಕಬ್ಬಿಣ ಹತ್ತಿ, ಮರ ಹತ್ತಿ, ಮೂರು ಊರಿಗೆ ಹೋಗುತ್ತಿತ್ತು. ದನಿಯ ಕಸುಬಿನಲ್ಲೇ ಹೊಟ್ಟೆ ಹೊರೆಯುವವನಿಗೆ ಅದು ಹೊಳೆದಿರಲಿಲ್ಲ. ತನ್ನ ಮಾತಿನ ಗದ್ದಲದಲ್ಲಿ ಅವನಿಗೆ ಬೇರೇನೂ ಕೇಳುತ್ತಿರಲಿಲ್ಲ.

"ಯಾರು ಅದು? ನಿಮ್ಮಕ್ಕನಾ?" ಎಂದ ಮೇಷ್ಟ್ರು. ಕುರ್ಚಿಯಲ್ಲಿ ಕೂತವರು ಮೊದಲ ಸಲ ತಮ್ಮನ ಮುಖ ಬಿಟ್ಟು ಪಕ್ಕದ ಕೋಣೆಯ ಬಾಗಿಲ ಕಡೆ ತಿರುಗಿದರು.

ಅವಳು ಆಗಲೇ ಬಾಗಿಲಿಗೆ ಬಂದಿದ್ದಳು. ತಮ್ಮ ತಾನಾಗಿ ಎದ್ದ. ಅವಳು ಕೂತು, ಸ್ಪೀಕರಿನ ತಂತಿ ಕಿತ್ತು, ಕಿವಿಯ ತಂತಿ ಹಾಕಿಕೊಂಡಳು. ಬಂದವರಿಗೆ ಇನ್ನು ಕೇಳಲು ಏನೂ ಉಳಿಯಲಿಲ್ಲ. ತಂಡದವರಿಗೆ ಒಂದೊಂದೇ ಅಕ್ಷರ ಒತ್ತಿ ಬರೆದಳು: ಅಗುಳಿ ನಾನು. ಆರು ವರ್ಷದಿಂದ ನಾನೇ. ಎಡ ಬಲ ನನಗೆ ಗೊತ್ತು.

ಮೇಷ್ಟ್ರು ಒಂದೇ ಉಸಿರಿಗೆ ಕ್ಷಮೆ ಕೇಳಿದ, ಆಮೇಲೆ ಮಾತಾಡೋಣ, ಆರು ಸುತ್ತು ಉಳಿದಿದೆ, ಎಲ್ಲ ಗೆದ್ದು ಸಮವಾದರೆ ಈ ತಂಡಕ್ಕಿಂತ ನಮ್ಮ ಹಳೆಯ ಗೆಲುವು ಹೆಚ್ಚು, ಇನ್ನೂ ದಾರಿಯಿದೆ, ಮೊದಲು ಮಾಳಿಗೆ ಹತ್ತಿ ಎಂದ. ಅವಳು ಹತ್ತಲಿಲ್ಲ. ಬರೆದಳು: ಆ ನಿಯಮ ತೆಗೆಯಿರಿ. ಈಗಲೇ.

"ಆಟ ಮುಗಿಲಿ ಅಮ್ಮ, ಆಮೇಲೆ ಎಲ್ಲ ಕೂತು..."

ಅವಳು ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡಳು. ತೆರೆಯ ಮೇಲೆ ಬಿಡುವಿನ ಗಡಿಯಾರ ಇಳಿಯುತ್ತಿತ್ತು. ಎರಡು ನಿಮಿಷ. ಒಂದೂವರೆ. ಗ್ಯಾರೇಜಿನ ಅಣ್ಣನೇ, "ತೆಗೀರಿ ಸಾರ್, ಅವರಿಲ್ಲದೆ ನಾವು ಏನು ಅನ್ನೋದು ಈಗ ತಾನೇ ಕಂಡಿದೆಯಲ್ಲ" ಎಂದ. ಮೇಷ್ಟ್ರು ತೆಗೆದೆ ಎಂದ. ಅವಳು ಇನ್ನೊಂದು ಬರೆದಳು, ನರ್ಸಮ್ಮನಿಗೆ: ನಿಮಗೆ ಗೊತ್ತಿತ್ತು. ಹೋದ ವಾರವೇ ಯಾಕೆ ಹೇಳಲಿಲ್ಲ?

"ನಾನೂ ನಿಮ್ಮ ಹಾಗೇನೇ ಅಲ್ವಾ" ಎಂದಳು ನರ್ಸಮ್ಮ.

ಅಕ್ಕನಿಗೆ ಆ ಮಾತು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಸಿಟ್ಟಿನಲ್ಲಿ ಸ್ವಲ್ಪ ಈಗ ತನ್ನ ಕಡೆಗೂ ತಿರುಗಿತ್ತು. ಗಂಟೆ ಬಾರಿಸಿತು. ಅವಳು ಮಾಳಿಗೆ ಹತ್ತಿದಳು.

ಆ ಆರು ಸುತ್ತನ್ನು ಅವಳು ಆಡಿದ ರೀತಿ ಕೋಣೆಯಲ್ಲಿದ್ದವರಿಗೆ ಅರ್ಥವಾಗುವಂಥದ್ದಲ್ಲ. ಅವರಿಗೆ ಕಂಡದ್ದು ತೆರೆ ನೋಡುತ್ತ ಕದಲದೆ ಕೂತ ಒಬ್ಬ ಹೆಂಗಸು. ಕೇಳಿದ್ದು ಮೇಜಿನ ಕೆಳಗಿನ ಟಕ್. ಒಮ್ಮೆ ಒಂದು, ಒಮ್ಮೆ ಮೂರು, ಒಮ್ಮೆ ಕಿರ್ ಎಂದು ಉದ್ದಕ್ಕೆ. ಮೂರನೆಯ ಸುತ್ತಿಗೆ ಅವರೆಲ್ಲ ಬೇಸತ್ತು ಎದ್ದುಹೋದರು. ಐದು ಸುತ್ತು ಗೆದ್ದರು. ಕೊನೆಯದರಲ್ಲಿ ಗ್ಯಾರೇಜಿನ ತಮ್ಮ ಕಾಲು ಜಾರಿ, ದೀಪ ಹೋಯಿತು. ಏಳು ಐದು. ಮೇಲಿನ ದರ್ಜೆ ಎದುರಿನವರ ಪಾಲಾಯಿತು.

ಮೇಷ್ಟ್ರು ಇರಲಿ ಬಿಡಿ ಎಂದ. ಅವಳು ಬಿಡಲಿಲ್ಲ. ಹೋದ ವಾರ ಒಂದು ಜೋಕಿಗೆ, ಈ ವಾರ ಒಬ್ಬನ ಮರ್ಯಾದೆಗೆ ಆರು ವರ್ಷದ ಕಾವಲು ಕೊಟ್ಟದ್ದಾಯಿತು. ಇದನ್ನು ಇರಲಿ ಎನ್ನುವುದಕ್ಕೆ ಅವಳೇನು ಗೋಡೆಯೇ?

ಸೋಮವಾರ ಕೆಲಸದಿಂದ ಬರುವಾಗ ಅಂಟುಮೇಣದ ಒಂದು ಕಡ್ಡಿ ಕೇಳಿ ತಂದಳು. ಮೈಕಿನ ಸ್ಕ್ರೂ ಬಿಚ್ಚಿದಳು. ತಮ್ಮ ಊಟದ ತಟ್ಟೆಯ ಮುಂದೆ ಕೂತು ನೋಡುತ್ತಿದ್ದ. ಅದು ನಂದು ಎನ್ನುವ ಧೈರ್ಯ ಬರಲಿಲ್ಲ. ಅವಳು ಮೈಕಿನ ಕಾಲನ್ನು ತೆಗೆದು ಅವನ ತಟ್ಟೆಯ ಪಕ್ಕದಲ್ಲಿ ಇಟ್ಟಳು. ತಲೆಯನ್ನು ಮಾತ್ರ ಮೇಜಿನ ಕೆಳಗೆ ಒಯ್ದು, ಮೇಣ ಕಾಯಿಸಿ, ಪೆಡಲಿನ ಪಕ್ಕದ ಕಬ್ಬಿಣಕ್ಕೆ ಹಲ್ಲು ಕೂರಿಸಿದಷ್ಟೇ ನಾಜೂಕಾಗಿ ಕೂರಿಸಿದಳು. ಆರೂವರೆಗೆ ಕೂತು ಒಂದು ಸಲ ಒತ್ತಿದಳು. ಆ ಕಡೆಯಿಂದ ನರ್ಸಮ್ಮ, ಕೇಳ್ತಿದೆ, ಮೊದಲಿಗಿಂತ ಚೆನ್ನಾಗಿ ಎಂದಳು.

ಮರುದಿನ ಬೆಳಗ್ಗೆ ಕೆಲಸಕ್ಕೆ ಹೋಗಲು ನಿಲ್ದಾಣದಲ್ಲಿ ನಿಂತಿದ್ದಾಗ ತಲೆಯ ಮೇಲಿನ ಧ್ವನಿವರ್ಧಕದಲ್ಲಿ ತಮ್ಮನ ದನಿ ಬಂತು, ಪ್ರಯಾಣಿಕರ ಗಮನಕ್ಕೆ ಎಂದು. ಅವಳ ಬಸ್ಸು ನಾಲ್ಕನೆಯ ಜಾಗಕ್ಕೆ ಬರುತ್ತದಂತೆ. ಅವಳು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳದೆ, ತಿರುವಿನಲ್ಲೇ ಬಸ್ಸಿನ ಗೇರು ಇಳಿಯುವ ಸದ್ದು ಕೇಳಿ, ಇದು ನಾಲ್ಕರವರೆಗೆ ಹೋಗುವುದಿಲ್ಲವೆಂದು ಎರಡನೆಯ ಜಾಗಕ್ಕೆ ಹೋಗಿ ನಿಂತಳು. ಬಸ್ಸು ಅಲ್ಲಿಗೇ ಬಂತು. ನಾಲ್ಕರಲ್ಲಿ ನಿಂತಿದ್ದ ಜನ ಬೈಯುತ್ತ ಓಡಿ ಬರುವಷ್ಟರಲ್ಲಿ ಅವಳು ಕಿಟಕಿಯ ಪಕ್ಕ ಕೂತಾಗಿತ್ತು.